ಎಣ್ಣೆ ಮೊದಲೋ, ಔಷಧ ಮೊದಲೋ?



ಇವತ್ತು ತಲೆಗೂದಲಿನ ಆರೈಕೆಯ ಬಗ್ಗೆ ಮಾತಾಡಬೇಕೆಂದಿದ್ದೇನೆ. ಯಾವ ಎಣ್ಣೆ ಕೊಳ್ಳಬೇಕು, ಯಾವ ಶಾಂಪೂ ಕೊಳ್ಳಬೇಕು ಎನ್ನುವ ವಿಷಯಕ್ಕೆ ಹೋಗುವುದಿಲ್ಲ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಮನೆಯಲ್ಲಿ ಈಗಾಗಲೇ ಇರುವ ಎಣ್ಣೆ, ಶಾಂಪೂ, ಕಂಡೀಷನರ್, ಸೀರಮ್, ವೈದ್ಯರು ಬರೆದುಕೊಟ್ಟ ಲೋಷನ್, ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದಷ್ಟೇ ಇವತ್ತಿನ ಮಾತು. ಇದೇನು ದೊಡ್ಡ ವಿಷಯ ಅನ್ನಿಸಬಹುದು. ಚರ್ಮರೋಗ ವಿಭಾಗದಲ್ಲಿ ದಿನವೂ ರೋಗಿಗಳನ್ನು ನೋಡುವ ನನಗೆ ಹಾಗೆ ಅನ್ನಿಸುವುದಿಲ್ಲ. ಒಳ್ಳೆಯ ಔಷಧವನ್ನೇ ತಂದಿರುತ್ತಾರೆ, ದುಡ್ಡು ಖರ್ಚು ಮಾಡಿರುತ್ತಾರೆ, ಒಂದು ದಿನವೂ ತಪ್ಪಿಸದೆ ಹಚ್ಚಿರುತ್ತಾರೆ. ಆದರೂ ಗುಣ ಕಾಣುವುದಿಲ್ಲ. ಬಿಡಿಸಿ ಕೇಳಿದರೆ ಗೊತ್ತಾಗುತ್ತದೆ, ಔಷಧ ತಲೆಯ ಚರ್ಮವನ್ನು ಮುಟ್ಟಿಯೇ ಇಲ್ಲ. ಮೊದಲೇ ಹಚ್ಚಿದ್ದ ಎಣ್ಣೆಯ ಮೇಲೆ ನಿಂತು, ಅಲ್ಲಿಂದ ದಿಂಬಿಗೆ ಹೋಗಿದೆ.

ನಮ್ಮ ತಲೆಯ ಮೇಲೆ ಇರುವುದು ಎರಡು ಬೇರೆ ಬೇರೆ ವಸ್ತು. ಒಂದು ಚರ್ಮ, ಇನ್ನೊಂದು ಕೂದಲು. ಚರ್ಮ ಜೀವಂತವಾದದ್ದು. ಅದರಲ್ಲಿ ರಕ್ತ ಹರಿಯುತ್ತದೆ, ಜಿಡ್ಡು ಒಸರುವ ಗ್ರಂಥಿಗಳಿವೆ, ಬೆವರಿನ ಗ್ರಂಥಿಗಳಿವೆ, ಕೂದಲು ಹುಟ್ಟುವ ಬೇರೂ ಅದರೊಳಗೇ ಇದೆ. ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಕತ್ತರಿಸಿದರೆ ನೋವಾಗದಿರುವುದು ಅದಕ್ಕೇ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಆ ಲೆಕ್ಕದಲ್ಲಿ ಸೊಂಟದವರೆಗೆ ಇಳಿದ ಜಡೆಯ ತುದಿ ಐದಾರು ವರ್ಷ ಹಳೆಯದು. ಅಷ್ಟು ವರ್ಷ ಬಿಸಿಲು, ಧೂಳು, ಬಾಚಣಿಗೆ, ಬೋರ್‌ವೆಲ್ ನೀರು ಎಲ್ಲವನ್ನೂ ಕಂಡ ತುದಿಗೆ ಬೇಕಾದ್ದು ಒಂದು, ಮೊನ್ನೆ ಚರ್ಮದಿಂದ ಹೊರಬಂದ ಬುಡಕ್ಕೆ ಬೇಕಾದ್ದು ಇನ್ನೊಂದು.

ಒಂದು ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ದೊಡ್ಡದು ಮಾಡಿ ನೋಡಿದರೆ ಅದರ ಹೊರಮೈ ಮಂಗಳೂರು ಹೆಂಚು ಹೊದಿಸಿದ ಮಾಡಿನ ಹಾಗಿರುತ್ತದೆ. ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ತೆಳುವಾದ ಪದರಗಳು, ಎಲ್ಲವೂ ಬುಡದಿಂದ ತುದಿಯ ಕಡೆಗೆ ಇಳಿಮುಖ. ಉದುರಿದ ಒಂದು ಉದ್ದ ಕೂದಲನ್ನು ಎರಡು ಬೆರಳ ನಡುವೆ ಹಿಡಿದು ಬುಡದಿಂದ ತುದಿಗೆ ಸವರಿ ನೋಡಿ, ನುಣುಪಾಗಿರುತ್ತದೆ. ತುದಿಯಿಂದ ಬುಡಕ್ಕೆ ಸವರಿ, ಸಣ್ಣಗೆ ತಡೆಯುತ್ತದೆ. ಎಣ್ಣೆಯಾಗಲಿ ಕಂಡೀಷನರ್ ಆಗಲಿ ಹಚ್ಚುವಾಗ ಕೈ ಮೇಲಿಂದ ಕೆಳಕ್ಕೇ ಬರಬೇಕು ಎನ್ನುವುದು ಈ ಕಾರಣಕ್ಕೆ. ಪದರಗಳು ಎದ್ದ ಕೂದಲು ಹೊಳಪು ಕಳೆದುಕೊಳ್ಳುತ್ತದೆ, ಒಂದಕ್ಕೊಂದು ಸಿಕ್ಕಾಗುತ್ತದೆ, ಕೊನೆಗೆ ತುದಿ ಸೀಳುತ್ತದೆ.

ಹಾಗಾಗಿ ಯಾವ ಬಾಟಲಿ ಕೈಗೆ ತೆಗೆದುಕೊಂಡರೂ ಮೊದಲು ಕೇಳಿಕೊಳ್ಳಿ: ಇದು ಚರ್ಮಕ್ಕೋ, ಕೂದಲಿಗೋ? ಆಮೇಲೆ ಕೇಳಿಕೊಳ್ಳಿ: ಇದನ್ನು ತೊಳೆದುಬಿಡುತ್ತೇವೋ, ತಲೆಯಲ್ಲೇ ಉಳಿಸುತ್ತೇವೋ? ಇಷ್ಟಕ್ಕೆ ಉತ್ತರ ಸಿಕ್ಕರೆ ಕ್ರಮ ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ.

ಎಣ್ಣೆಯಿಂದ ಶುರು ಮಾಡೋಣ. ನಮ್ಮಲ್ಲಿ ಎಣ್ಣೆ ಕೂದಲಿನ ಬೇರಿಗೆ ಆಹಾರ ಎಂಬ ನಂಬಿಕೆ ಗಟ್ಟಿಯಾಗಿದೆ. ಬೇರಿಗೆ ಆಹಾರ ಬರುವುದು ರಕ್ತದಿಂದ, ಅಂದರೆ ನಾವು ಉಣ್ಣುವ ಊಟದಿಂದ. ಎಣ್ಣೆಯ ಉಪಕಾರ ಹೊರಗಿರುವ ಕೂದಲಿಗೆ. ನೀರು ತಾಗಿದಾಗ ಕೂದಲು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮತ್ತೆ ಮತ್ತೆ ಹೀಗಾದಾಗ ಹೊರಪದರ ಸಡಿಲವಾಗಿ, ಒಳಗಿನ ಪ್ರೋಟೀನು ಸ್ವಲ್ಪ ಸ್ವಲ್ಪವೇ ಸವೆದುಹೋಗುತ್ತದೆ. 2003ರಲ್ಲಿ ಆರತಿ ರೇಲೆ ಮತ್ತು ಆರ್. ಬಿ. ಮೋಹಿಲೆ ಎಂಬ ನಮ್ಮ ದೇಶದವರೇ ಆದ ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರೋಟೀನು ನಷ್ಟವನ್ನು ಎದ್ದು ಕಾಣುವಷ್ಟು ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ಇದು ತೆಂಗಿನೆಣ್ಣೆ ಮಾರುವ ಕಂಪನಿಯ ಪ್ರಯೋಗಾಲಯದಿಂದ ಬಂದ ಅಧ್ಯಯನ ಎಂಬುದನ್ನು ಕೇಳುಗರಿಗೆ ಹೇಳಲೇಬೇಕು. ಆದರೆ ಅದು ಕೊಟ್ಟ ಕಾರಣ ಒಪ್ಪುವಂಥದ್ದು. ತೆಂಗಿನೆಣ್ಣೆಯಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು. ಅದು ಕೂದಲಿನ ಒಳಕ್ಕೆ ಇಳಿಯಬಲ್ಲದು. ಒಳಗೆ ಎಣ್ಣೆ ಇದ್ದರೆ ಕೂದಲು ಕುಡಿಯುವ ನೀರು ಕಡಿಮೆಯಾಗುತ್ತದೆ.

ಆ ಅಧ್ಯಯನದಲ್ಲಿ ತೊಳೆಯುವ ಮೊದಲು ಹಚ್ಚಿದಾಗಲೂ, ತೊಳೆದ ಮೇಲೆ ಹಚ್ಚಿದಾಗಲೂ ಕೂದಲಿಗೆ ಉಪಯೋಗವಾಯಿತು. ಹಾಗಿದ್ದರೂ ಸ್ನಾನಕ್ಕೆ ಮೊದಲೇ ಹಚ್ಚಿ ಎಂದು ನಾನು ಹೇಳುವುದು ಚರ್ಮದ ಹಿತಕ್ಕೆ. ಅರ್ಧ ಗಂಟೆ, ಒಂದು ಗಂಟೆ ನೆನೆದರೆ ಕೂದಲಿಗೆ ಬೇಕಾದ್ದು ಸಿಗುತ್ತದೆ. ಮಿಕ್ಕ ಎಣ್ಣೆ ಎರಡು ಮೂರು ದಿನ ತಲೆಯ ಚರ್ಮದ ಮೇಲೆ ಕೂತಿರುವುದರಿಂದ ಲಾಭವಿಲ್ಲ, ಎಷ್ಟೋ ಜನರಿಗೆ ತೊಂದರೆಯೇ ಹೆಚ್ಚು.

ನಮ್ಮ ಹಬ್ಬದ ಎಣ್ಣೆ ನೀರಿನ ಕ್ರಮವನ್ನು ನೆನಪಿಸಿಕೊಳ್ಳಿ. ದೀಪಾವಳಿಯಲ್ಲಿ ಹಿಂದಿನ ಸಂಜೆ ನೀರು ತುಂಬುತ್ತಾರೆ, ನರಕ ಚತುರ್ದಶಿಯ ಬೆಳಗಿನ ಜಾವ ನೆತ್ತಿಗೆ ಎಣ್ಣೆ ಒತ್ತುತ್ತಾರೆ. ಸ್ವಲ್ಪ ಹೊತ್ತು ನೆನೆಯಲು ಬಿಟ್ಟು ಆಮೇಲೆ ಹಂಡೆಯ ಬಿಸಿನೀರು, ಸೀಗೆಪುಡಿ. ಮೈಸೂರು ಕಡೆ ಅದರ ಜೊತೆಗೆ ಚಿಗರೆಪುಡಿ, ಮಲೆನಾಡಿನ ಮನೆಗಳಲ್ಲಿ ದಾಸವಾಳದ ಸೊಪ್ಪು ಕಿವುಚಿದ ಲೋಳೆ. ಸೀಗೆಯಲ್ಲಿ ನೊರೆ ಕೊಟ್ಟು ಜಿಡ್ಡು ಬಿಡಿಸುವ ಸ್ಯಾಪೊನಿನ್‌ಗಳಿವೆ. ದಾಸವಾಳದ ಲೋಳೆ ಕೂದಲನ್ನು ನುಣುಪು ಮಾಡಿ ಸಿಕ್ಕು ಬಿಡಿಸುತ್ತದೆ. ಆಮೇಲೆ ಒಣ ಬಟ್ಟೆ ಸುತ್ತಿ, ಸಾಂಬ್ರಾಣಿ ಹೊಗೆ ಹಿಡಿದು ಒಣಗಿಸುವುದು. ಮೊದಲು ಎಣ್ಣೆ, ಆಮೇಲೆ ಜಿಡ್ಡು ತೆಗೆಯುವುದು, ಆಮೇಲೆ ನುಣುಪು, ಕೊನೆಗೆ ಪೂರ್ತಿ ಒಣಗಿಸುವುದು. ಇವತ್ತಿನ ಬಾಟಲಿಗಳಿಗೂ ಸರಿಯಾದ ಕ್ರಮ ಇದೇ. ಇದು ಕೆಟ್ಟದ್ದು ನಿತ್ಯದ ಅವಸರದಲ್ಲಿ. ಶಾಲೆಗೆ ಹೊರಟ ಹುಡುಗಿಗೆ ತಲೆ ತೊಳೆದು, ಕೂದಲು ಅರೆ ಒದ್ದೆ ಇರುವಾಗಲೇ ಎಣ್ಣೆ ತಟ್ಟಿ, ಬಿಗಿಯಾಗಿ ಎರಡು ಜಡೆ ಹೆಣೆದು ರಿಬ್ಬನ್ ಕಟ್ಟಿ ಕಳಿಸುತ್ತೇವೆ. ಒದ್ದೆ, ಎಣ್ಣೆ, ಬೆವರು, ಬಿಗಿ ಎಲ್ಲವೂ ಸಂಜೆಯವರೆಗೆ ಅದೇ ತಲೆಯ ಮೇಲೆ.

ಹೋದ ಮಳೆಗಾಲದಲ್ಲಿ ಒಬ್ಬ ತಾಯಿ ಪಿಯುಸಿ ಓದುವ ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿಯ ಭುಜದ ಮೇಲೆ ಹೊಟ್ಟು ಉದುರಿತ್ತು, ಹಣೆಯ ಅಂಚಿಗೆ ಸಾಲಾಗಿ ಮೊಡವೆ. ತಾಯಿ ಕೈಚೀಲದಿಂದ ಒಂದೊಂದೇ ತೆಗೆದು ಮೇಜಿನ ಮೇಲಿಟ್ಟರು. ಕರಿಬೇವು, ಮೆಂತ್ಯ ಹಾಕಿ ಮನೆಯಲ್ಲೇ ಕಾಯಿಸಿದ ಎಣ್ಣೆ, ಹೊಟ್ಟಿನ ಶಾಂಪೂ, ಕಂಡೀಷನರ್, ಬೇರೆ ಕಡೆ ಬರೆಸಿದ್ದ ಒಂದು ಲೋಷನ್, ಸಣ್ಣ ಬಾಟಲಿಯ ಸೀರಮ್.

“ಇಷ್ಟೆಲ್ಲಾ ಹಚ್ಚೀವ್ರಿ ಡಾಕ್ಟರ, ಹೊಟ್ಟು ಮಾತ್ರ ಹೋಗವಲ್ದು” ಎಂದರು.

“ಮೊದಲ ಯಾವ್ದು ಹಚ್ಕೋತೀಯವ್ವಾ?” ಎಂದು ಹುಡುಗಿಯನ್ನು ಕೇಳಿದೆ.

“ರಾತ್ರಿ ಎಣ್ಣಿರಿ. ಮುಂಜಾನೆ ಶಾಂಪೂ ಹಚ್ಚಿ ಲಗೂನ ತೊಳ್ಕೋತೀನ್ರಿ. ಆಮ್ಯಾಲೆ ಇದು” ಎಂದು ಕಂಡೀಷನರ್ ತೋರಿಸಿ, ನೆತ್ತಿಗೆ ತಿಕ್ಕುವಂತೆ ಕೈ ಆಡಿಸಿದಳು. “ಒಣಗಿದ ಮ್ಯಾಲೆ ಅವ್ವ ಮತ್ತ ಎಣ್ಣಿ ಹಚ್ತಾಳ್ರಿ. ಈ ಔಷಧಿ ಮಲಗೋಮುಂದ.”

ಅವಳು ಬಳಸುತ್ತಿದ್ದ ಒಂದು ವಸ್ತುವೂ ಕೆಟ್ಟದ್ದಲ್ಲ. ಲೋಷನ್ ಸರಿಯಾದದ್ದೇ, ಶಾಂಪೂ ಸರಿಯಾದದ್ದೇ. ಶಾಂಪೂ ಚರ್ಮದ ಮೇಲೆ ಒಂದು ನಿಮಿಷವೂ ನಿಲ್ಲುತ್ತಿರಲಿಲ್ಲ, ಲೋಷನ್ನಿಗೂ ಚರ್ಮಕ್ಕೂ ನಡುವೆ ಎರಡು ಸಲ ಹಚ್ಚಿದ ಎಣ್ಣೆ ಇತ್ತು, ಕೂದಲ ತುದಿಗೆ ಹೋಗಬೇಕಾದ ಕಂಡೀಷನರ್ ನೆತ್ತಿಗೆ ಹೋಗುತ್ತಿತ್ತು. ನಾನು ಹೊಸದೇನನ್ನೂ ಬರೆಯಲಿಲ್ಲ. ಬಾಟಲಿಗಳನ್ನು ಮೇಜಿನ ಮೇಲೆ ಬೇರೆ ಸಾಲಿನಲ್ಲಿ ಜೋಡಿಸಿ, ಮುಚ್ಚಳಗಳ ಮೇಲೆ ಪೆನ್ನಿನಿಂದ ಒಂದು, ಎರಡು, ಮೂರು ಎಂದು ಬರೆದುಕೊಟ್ಟೆ. ಎಣ್ಣೆಯ ಬಾಟಲಿಯನ್ನು ಸದ್ಯಕ್ಕೆ ಚೀಲಕ್ಕೇ ವಾಪಸು ಹಾಕಿಸಿದೆ.

ಎಣ್ಣೆಯನ್ನು ಯಾಕೆ ಬಿಡಿಸಿದೆ ಎಂದರೆ, ತಲೆಹೊಟ್ಟು ಚರ್ಮ ಒಣಗಿ ಬರುವುದು ಎಂದು ನಾವೆಲ್ಲ ತಿಳಿದಿದ್ದೇವೆ. ಹೆಚ್ಚಿನವರಲ್ಲಿ ಅದು ಹಾಗಲ್ಲ. ಮಲಸೇಜಿಯ ಎಂಬ ಒಂದು ಬಗೆಯ ಶಿಲೀಂಧ್ರ ಎಲ್ಲರ ತಲೆಯ ಚರ್ಮದ ಮೇಲೂ ಇರುತ್ತದೆ. ತನಗೆ ಬೇಕಾದ ಕೊಬ್ಬಿನ ಆಮ್ಲಗಳನ್ನು ತಾನೇ ತಯಾರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ, ಆದ್ದರಿಂದ ನಮ್ಮ ಚರ್ಮದ ಜಿಡ್ಡನ್ನು ತಿಂದು ಬದುಕುತ್ತದೆ. ತಿಂದು ಉಳಿಸಿದ ಓಲಿಕ್ ಆಮ್ಲ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಆಗ ಚರ್ಮ ಕೆರಳಿ, ನಿಧಾನವಾಗಿ ಉದುರಬೇಕಾದ ಪದರಗಳು ಬೇಗ ಬೇಗ ಕಳಚುತ್ತವೆ. ಅದೇ ಹೊಟ್ಟು. ಎಣ್ಣೆ ಹಚ್ಚಿದಾಗ ಹೊಟ್ಟು ಕೂದಲಿಗೆ ಅಂಟಿಕೊಂಡು ಕಾಣದಂತಾಗುತ್ತದೆ, ತುರಿಕೆ ಸ್ವಲ್ಪ ತಗ್ಗಿದಂತೆಯೂ ಅನ್ನಿಸುತ್ತದೆ. ಎಣ್ಣೆಯಿಂದ ಗುಣವಾಯಿತು ಎಂದುಕೊಳ್ಳುವುದು ಅದಕ್ಕೇ. ಹೊಟ್ಟು ಇರುವವರಿಗೆ ಅದು ಹತೋಟಿಗೆ ಬರುವವರೆಗೆ ನೆತ್ತಿಗೆ ಎಣ್ಣೆ ಬೇಡ. ಉದ್ದ ಕೂದಲಿನವರು ಬೇಕಾದರೆ ಕಿವಿಯಿಂದ ಕೆಳಗಿನ ಕೂದಲಿಗೆ ಮಾತ್ರ, ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಚ್ಚಿಕೊಳ್ಳಬಹುದು.

ಶಾಂಪೂ ಚರ್ಮಕ್ಕೆ. ಉಗುರು ಬೆಚ್ಚಗಿನ ನೀರಿನಲ್ಲಿ ತಲೆ ಪೂರ್ತಿ ನೆನೆದ ಮೇಲೆ, ಶಾಂಪೂವನ್ನು ಸ್ವಲ್ಪ ನೀರಿನಲ್ಲಿ ಕದಡಿಕೊಂಡು ಬೆರಳ ತುದಿಯಿಂದ ತಲೆಯ ಚರ್ಮಕ್ಕೆ ತಿಕ್ಕಬೇಕು, ಉಗುರಿನಿಂದ ಕೆರೆಯಬಾರದು. ಕೂದಲಿನ ಉದ್ದಕ್ಕೆ ಬೇರೆಯಾಗಿ ಹಾಕುವುದು ಬೇಡ. ನೊರೆ ಇಳಿದು ಹೋಗುವುದರಲ್ಲೇ ಅದು ಸ್ವಚ್ಛವಾಗುತ್ತದೆ. ಮೈಸೋಪಿನಲ್ಲಿ ತಲೆ ತೊಳೆಯುವವರಿಗೆ ಒಂದು ಮಾತು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿಯ ಅಂಟು ಕಟ್ಟುತ್ತದೆ. ಬಕೆಟ್ಟಿನ ಅಂಚಿನಲ್ಲಿ ಕಾಣುವುದು ಅದೇ, ಕೂದಲಿನ ಮೇಲೆ ಕೂರುವುದೂ ಅದೇ. ಶಾಂಪೂವಿಗೆ ಈ ತೊಂದರೆ ಕಡಿಮೆ.

ಔಷಧಿಯ ಶಾಂಪೂ, ಉದಾಹರಣೆಗೆ ಕೀಟೋಕೊನಜೋಲ್ ಇರುವಂಥದ್ದು, ಬಳಸುವವರು ಮೊದಲು ಸಾಮಾನ್ಯ ಶಾಂಪೂವಿನಿಂದ ಒಂದು ಸಲ ಜಿಡ್ಡು ತೆಗೆದು, ಎರಡನೆಯ ಸಲಕ್ಕೆ ಔಷಧಿಯದನ್ನು ಹಚ್ಚಬೇಕು. ಹಚ್ಚಿ 3ರಿಂದ 5 ನಿಮಿಷ ಬಿಡಬೇಕು. ಈ ನಿಮಿಷಗಳಲ್ಲೇ ಔಷಧದ ಕೆಲಸವೆಲ್ಲ ಇರುವುದು. ನೊರೆ ತಲೆಯ ಮೇಲಿರುವಾಗಲೇ ಮೈಗೆ ಸೋಪು ಹಚ್ಚಿ ಮುಗಿಸಿದರೆ ಹೊತ್ತು ಸರಿಹೋಗುತ್ತದೆ. ಸಾಮಾನ್ಯವಾಗಿ ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ. ಹತೋಟಿಗೆ ಬಂದ ಮೇಲೆ ವಾರಕ್ಕೋ ಎರಡು ವಾರಕ್ಕೋ ಒಂದು ಸಲ. ಪೂರ್ತಿ ನಿಲ್ಲಿಸಿಬಿಟ್ಟರೆ ಹೊಟ್ಟು ಮತ್ತೆ ಬರುವುದು ಸಾಮಾನ್ಯ, ಯಾಕೆಂದರೆ ಆ ಶಿಲೀಂಧ್ರ ಚರ್ಮದ ಕಾಯಂ ನಿವಾಸಿ. ಚರ್ಮದ ಮೇಲೆ ದಪ್ಪ ಹಕ್ಕಳೆ ಕಟ್ಟುವ ಸೋರಿಯಾಸಿಸ್‌ನಂಥ ಕಾಯಿಲೆಯಲ್ಲಿ ಕ್ರಮ ಇನ್ನೂ ಮುಖ್ಯ. ಸ್ಯಾಲಿಸಿಲಿಕ್ ಆಮ್ಲ ಇರುವ ಔಷಧಿಯಿಂದ ಹಕ್ಕಳೆಯನ್ನು ಮೊದಲು ಮೆತ್ತಗೆ ಮಾಡಿ, ತೊಳೆದು, ಆಮೇಲೆ ಲೋಷನ್. ಹಕ್ಕಳೆಯ ಮೇಲೆಯೇ ಹಚ್ಚಿದ ಲೋಷನ್ ಒಳಗೆ ಇಳಿಯುವುದಿಲ್ಲ.

ಕಂಡೀಷನರ್ ಯಾವಾಗಲೂ ಶಾಂಪೂ ಆದ ಮೇಲೆ. ಶಾಂಪೂವಿನ ಅಣುಗಳಲ್ಲಿ ಹೆಚ್ಚಿನವು ಋಣ ವಿದ್ಯುದಂಶದವು, ಕಂಡೀಷನರಿನವು ಧನ ವಿದ್ಯುದಂಶದವು. ಹಾನಿಯಾದ ಕೂದಲಿನ ಮೈಯಲ್ಲಿ ಋಣಾಂಶ ಹೆಚ್ಚಿರುತ್ತದೆ, ಆದ್ದರಿಂದ ಕಂಡೀಷನರ್ ಹೋಗಿ ಹಿಡಿಯುವುದು ಎಲ್ಲಿ ಬೇಕೋ ಅಲ್ಲಿಗೇ, ಸವೆದ ಉದ್ದಕ್ಕೆ, ತುದಿಗೆ. ಚರ್ಮಕ್ಕೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಕೂದಲಿನ ನೀರನ್ನು ಕೈಯಲ್ಲಿ ಹಿಂಡಿ, ಕಿವಿಯ ಮಟ್ಟದಿಂದ ಕೆಳಕ್ಕೆ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕು ಮೊದಲು ಬಿಡಿಸಿ, ಆಮೇಲೆ ಮೇಲಿನದು. ಒಂದೆರಡು ನಿಮಿಷ ಬಿಟ್ಟು ತೊಳೆಯಿರಿ. ಇಷ್ಟಾದ ಮೇಲೆ ಮುಖ, ಕುತ್ತಿಗೆ, ಬೆನ್ನು ತೊಳೆದುಕೊಳ್ಳಿ. ನಾವು ಮುಖ ತೊಳೆದ ಮೇಲೆ ತಲೆಗೆ ನೀರು ಹಾಕಿಕೊಳ್ಳುತ್ತೇವೆ. ಎಣ್ಣೆ, ಕಂಡೀಷನರ್ ಎಲ್ಲ ಹಣೆಯ ಮೇಲೆ ಇಳಿದು ಅಲ್ಲೇ ಉಳಿಯುತ್ತದೆ. ಆ ಹುಡುಗಿಯ ಹಣೆಯ ಅಂಚಿನ ಮೊಡವೆಗೆ ನಾನು ಬೇರೆ ಔಷಧಿ ಕೊಡದೆ ಈ ಒಂದು ಬದಲಾವಣೆ ಹೇಳಿದೆ.

ಒದ್ದೆ ಕೂದಲು ದುರ್ಬಲ. ಟವೆಲಿನಿಂದ ಬಡಿದು ಕೊಡವದೆ ಒತ್ತಿ ನೀರು ತೆಗೆಯಬೇಕು. ಒದ್ದೆ ತಲೆಗೆ ಜಡೆ, ತುರುಬು ಬೇಡ. ಬೆಂಗಳೂರಿನಂಥ ಊರುಗಳಲ್ಲಿ ತಲೆ ತೊಳೆದ ಹತ್ತೇ ನಿಮಿಷಕ್ಕೆ ಹೆಲ್ಮೆಟ್ ಹಾಕಿ ಹೊರಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹೆಲ್ಮೆಟ್ ಬಿಡುವ ಹಾಗಿಲ್ಲ, ಬಿಡಲೂ ಬಾರದು. ಅಂಥವರು ತಲೆಸ್ನಾನವನ್ನು ಸಂಜೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ತೊಳೆಯದೆ ಉಳಿಸುವಂಥವು. ಇಲ್ಲಿ ಔಷಧವೇ ಮೊದಲು, ಒಣಗಿದ ಬರಿಯ ಚರ್ಮದ ಮೇಲೆ. ಕೂದಲು ತೆಳ್ಳಗಾಗುವುದಕ್ಕೆ ಕೊಡುವ ಮಿನಾಕ್ಸಿಡಿಲ್ ಈಗ ತುಂಬ ಜನರ ಮನೆಯಲ್ಲಿದೆ. ಅದು ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ತೆಗೆದುಕೊಂಡವರಿಗೆ ಮೈಮೇಲೆ ಕೂದಲು ಬೆಳೆದದ್ದನ್ನು ಕಂಡು ಲೋಷನ್ ಮಾಡಿದರು. ಅಮೆರಿಕದಲ್ಲಿ ಗಂಡಸರಿಗೆ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಬೈತಲೆ ತೆಗೆದು, ಚರ್ಮ ಕಾಣುವಂತೆ ಮಾಡಿ, ಕೆಲವು ಹನಿ ಹಾಕಬೇಕು, ಒಂದು ಸಲಕ್ಕೆ ಒಟ್ಟು 1 ಮಿಲಿಲೀಟರ್. ಇನ್ನೊಂದು ಬೈತಲೆ, ಮತ್ತೆ ಕೆಲವು ಹನಿ. ಹಚ್ಚಿದ ಮೇಲೆ ಕೈ ತೊಳೆಯಬೇಕು, ಸುಮಾರು 4 ಗಂಟೆ ತಲೆಗೆ ನೀರು ಸೋಕಿಸಬಾರದು. ಮಲಗುವ ಎರಡು ಗಂಟೆ ಮೊದಲೇ ಹಚ್ಚಿದರೆ ದಿಂಬಿಗೆ ಹೋಗುವುದು ತಪ್ಪುತ್ತದೆ. ಮೊದಲ ಕೆಲವು ವಾರ ಕೂದಲು ಇನ್ನೂ ಹೆಚ್ಚು ಉದುರಬಹುದು. ಹಳೆಯ ಕೂದಲು ಹೊಸದಕ್ಕೆ ಜಾಗ ಬಿಡುವ ಹಂತ ಅದು, ಹೆದರಿ ನಿಲ್ಲಿಸಬೇಡಿ. ಫಲ ಕಾಣಲು ಕಡಿಮೆಯೆಂದರೂ ನಾಲ್ಕು ತಿಂಗಳು ಬೇಕು. ಬಸುರಿಯರು, ಹಾಲೂಡಿಸುವ ತಾಯಂದಿರು ಇದನ್ನು ಮುಟ್ಟಬಾರದು. ಮನೆಯಲ್ಲಿ ಬೆಕ್ಕಿದ್ದರೆ ಬಾಟಲಿಯನ್ನೂ ಹಚ್ಚಿದ ತಲೆಯನ್ನೂ ಅದರಿಂದ ದೂರವಿಡಿ, ಬೆಕ್ಕಿಗೆ ಇದು ವಿಷ.

ಔಷಧ ಪೂರ್ತಿ ಒಣಗಿದ ಮೇಲೆ ಸೀರಮ್, ಅದೂ ಕೂದಲಿನ ಕೆಳಭಾಗಕ್ಕೆ. ಸೀರಮ್ಮುಗಳಲ್ಲಿ ಹೆಚ್ಚಿನವು ಸಿಲಿಕೋನಿನವು, ಕೂದಲಿನ ಮೇಲೆ ತೆಳು ಹೊದಿಕೆ ಹಾಸುತ್ತವೆ. ಹೊದಿಕೆ ಹಾಕಿದ ಮೇಲೆ ಇನ್ನೇನೂ ಒಳಗೆ ಹೋಗದು, ಅದಕ್ಕೇ ಅದು ಕೊನೆಗೆ. ಕೂದಲು ನೇರ ಮಾಡುವ ಬಿಸಿ ಇಕ್ಕಳವನ್ನು ಬಳಸುವವರು ಕೂದಲು ಪೂರ್ತಿ ಒಣಗಿದೆಯೇ ಎಂದು ನೋಡಿಕೊಳ್ಳಬೇಕು. ಒದ್ದೆ ಕೂದಲಿಗೆ ಆ ಬಿಸಿ ತಾಗಿದರೆ ಒಳಗಿನ ನೀರು ಆವಿಯಾಗಿ ಕೂದಲಿನೊಳಗೆ ಗುಳ್ಳೆ ಏಳುತ್ತದೆ, ಅಲ್ಲಿಗೇ ಅದು ಮುರಿಯುತ್ತದೆ.

ಬಣ್ಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಗೋರಂಟಿ ಹಚ್ಚುವುದಾದರೆ ಎಣ್ಣೆ ಇಲ್ಲದ ಸ್ವಚ್ಛ ಕೂದಲಿಗೆ. ಎಣ್ಣೆ ಇದ್ದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಹಚ್ಚಿದ ದಿನ ಬರಿ ನೀರಲ್ಲಿ ತೊಳೆದು ಮರುದಿನ ಎಣ್ಣೆ, ಆಮೇಲೆ ಶಾಂಪೂ ಮಾಡುವ ನಮ್ಮ ಹೆಂಗಸರ ರೂಢಿ ಸರಿಯಾದದ್ದೇ. ಕಪ್ಪು ಬಣ್ಣಗಳದ್ದು ಬೇರೆ ಮಾತು. ಅವುಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ, ಕೆಲವರಿಗೆ ಅದು ಮುಖ ಊದುವಷ್ಟು ಅಲರ್ಜಿ ಮಾಡುತ್ತದೆ. ಪ್ಯಾಕೆಟ್ಟಿನ ಮೇಲೆ ‘ಗೋರಂಟಿ’ ಎಂದಿದ್ದರೂ ಒಳಗೆ ಪಿಪಿಡಿ ಇರುವುದುಂಟು. ಕಿವಿಯ ಹಿಂದೆ ಒಂದಿಷ್ಟು ಹಚ್ಚಿ 48 ಗಂಟೆ ಕಾದು, ತುರಿಕೆ ಕೆಂಪು ಬರದಿದ್ದರೆ ಮಾತ್ರ ತಲೆಗೆ. ಪ್ರತಿ ಸಲವೂ ಹೀಗೆ ನೋಡಬೇಕು, ಯಾಕೆಂದರೆ ಹತ್ತು ವರ್ಷ ಒಗ್ಗಿದ್ದು ಹನ್ನೊಂದನೆಯ ವರ್ಷ ಒಗ್ಗದಿರಬಹುದು.

ಮುಗಿಸುವ ಮೊದಲು ಶಾಲೆಯ ಮಕ್ಕಳ ಹೇನಿನ ಮಾತು. ಇಲ್ಲಿ ಕ್ರಮ ತಪ್ಪಿದರೆ ಔಷಧ ಪೂರ್ತಿ ವ್ಯರ್ಥ. 1 ಶೇಕಡಾ ಪರ್ಮೆಥ್ರಿನ್ ಲೋಷನ್ ಹಚ್ಚುವ ದಿನ ತಲೆಗೆ ಎಣ್ಣೆ, ಕಂಡೀಷನರ್ ಏನೂ ಇರಬಾರದು. ಇದ್ದರೆ ಔಷಧ ಕೂದಲಿಗೆ ಹಿಡಿಯುವುದಿಲ್ಲ. ಬರಿ ಶಾಂಪೂವಿನಿಂದ ತೊಳೆದು, ಟವೆಲಿನಿಂದ ನೀರು ಒತ್ತಿ ತೆಗೆದು, ಅರೆ ಒದ್ದೆ ಕೂದಲಿಗೆ ಹಚ್ಚಿ. ಕಿವಿಯ ಹಿಂದೆ, ಕತ್ತಿನ ಹಿಂದೆ ಮರೆಯಬೇಡಿ, ಹೇನು ಹೆಚ್ಚಾಗಿ ಇರುವುದು ಅಲ್ಲೇ. 10 ನಿಮಿಷ ಬಿಟ್ಟು ತೊಳೆದು, ಸಣ್ಣ ಹಲ್ಲಿನ ಬಾಚಣಿಗೆಯಿಂದ ಒಂದೊಂದೇ ಎಳೆ ಬಾಚಿ. ಮುಂದಿನ ಒಂದೆರಡು ದಿನ ಮತ್ತೆ ತಲೆ ತೊಳೆಯುವುದು ಬೇಡ. ಔಷಧಕ್ಕೆ ಹೇನು ಸತ್ತರೂ ಸೀರು ಎಲ್ಲವೂ ಸಾಯುವುದಿಲ್ಲ. ಉಳಿದವು ಒಡೆದು ಮರಿ ಬರುತ್ತವೆ. ಆ ಮರಿಗಳು ದೊಡ್ಡವಾಗಿ ಮೊಟ್ಟೆ ಇಡುವ ಮೊದಲು, ಒಂಬತ್ತನೆಯ ದಿನದ ಸುಮಾರಿಗೆ ಇನ್ನೊಮ್ಮೆ ಹಚ್ಚಬೇಕು. ಮಗುವಿನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗುವ ಅಜ್ಜಿಯ ತಲೆಯನ್ನೂ ಅದೇ ದಿನ ನೋಡಿ. ಅವರಿಗೂ ಹೇನು ಕಂಡರೆ ಅವರಿಗೂ ಆಗಲೇ ಹಚ್ಚಿ. ದಿಂಬಿನ ಗವಸು, ಟವೆಲು, ರಿಬ್ಬನ್ನುಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ.